ಟೀಚರ್ ಜೊತೆ ಮಾತು: ಶಾಲೆ ಮುಚ್ಚಿದಾಗ ನಿಮ್ಮ ಮಗು ಎಷ್ಟನೇ ಕ್ಲಾಸಿನಲ್ಲಿತ್ತು?

ಪ್ರಶ್ನೆ: ಟೀಚರ್, ನನಗೆ ಮೂವರು ಮಕ್ಕಳು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ದೊಡ್ಡವಳು ಒಂಬತ್ತನೇ ಕ್ಲಾಸು, ಎರಡನೆಯವನು ಐದನೇ ಕ್ಲಾಸು. ಚಿಕ್ಕವಳು ಆ ವರ್ಷ ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಮೂವರಿಗೂ ಇದ್ದದ್ದು ಒಂದೇ ಫೋನು. ದೊಡ್ಡವಳು ಹೇಗೋ ದಡ ಸೇರಿದಳು. ಚಿಕ್ಕವಳು ಈಗ ಆರನೇ ಕ್ಲಾಸು, ಒಂದು ಪ್ಯಾರಾ ಓದಲೂ ತಡವರಿಸುತ್ತಾಳೆ. ‘ಮಂದಬುದ್ಧಿ’ ಅಂದುಬಿಟ್ಟರು ಒಬ್ಬರು. ಹೌದಾ ಟೀಚರ್?

ಉತ್ತರ: ಆ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಅವಳಿಗೆ ಓದು ಕಲಿಸಬೇಕಿದ್ದ ಕಾಲವೇ ತಪ್ಪಿಹೋಯಿತು. ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ಅಷ್ಟೇ.

ನಾನು 31 ವರ್ಷ ಪ್ರೈಮರಿ ಟೀಚರ್ ಆಗಿದ್ದೆ, ಬಹುಪಾಲು ಒಂದರಿಂದ ಮೂರನೇ ಕ್ಲಾಸಿಗೆ. ಆ ವಯಸ್ಸಿನಲ್ಲಿ ಮಗು ಓದುವುದನ್ನು ಕಲಿಯುತ್ತದೆ. ಆಮೇಲೆ ಓದಿಕೊಂಡು ಉಳಿದದ್ದನ್ನೆಲ್ಲ ಕಲಿಯುತ್ತದೆ. ನಿಮ್ಮ ದೊಡ್ಡವಳಿಗೆ ಓದು ಬರುತ್ತಿತ್ತು. ಫೋನಿನಲ್ಲಿ ಪಾಠ ಅರ್ಧಂಬರ್ಧ ಕೇಳಿಸಿದರೂ ಪುಸ್ತಕ ತೆರೆದು ಹಿಡಿದುಕೊಳ್ಳಬಹುದಿತ್ತು. ಚಿಕ್ಕವಳಿಗೆ ಆ ದಾರಿಯೇ ಇರಲಿಲ್ಲ. ಒಂದನೇ ಕ್ಲಾಸಿನ ಮಗುವಿನ ಪಕ್ಕ ಕೂರಬೇಕು, ಅಕ್ಷರದ ಮೇಲೆ ಬೆರಳಿಡಬೇಕು, ತಪ್ಪಿದ ಕ್ಷಣವೇ ತಿದ್ದಬೇಕು. ಫೋನಿನಲ್ಲಿ ನನಗೆ ಮಕ್ಕಳ ಮುಖ ಕಾಣುತ್ತಿತ್ತು, ಅವರ ಪೆನ್ಸಿಲ್ ಎಲ್ಲಿ ನಿಂತಿದೆ ಅಂತ ಕಾಣುತ್ತಿರಲಿಲ್ಲ.

ಶಾಲೆ ತೆರೆದ ಮೇಲೆ ಮೂರನೇ ಕ್ಲಾಸಿನ ಒಬ್ಬ ಹುಡುಗ ಬೋರ್ಡಿನ ಮೇಲಿದ್ದದ್ದನ್ನು ಮುತ್ತು ಪೋಣಿಸಿದ ಹಾಗೆ ಬರೆದ. ‘ಓದು ಕಂದಾ’ ಅಂದೆ. ಸುಮ್ಮನೆ ನಿಂತ. ಅಕ್ಷರಗಳನ್ನು ಅವನು ಚಿತ್ರದ ಹಾಗೆ ಬಿಡಿಸಿದ್ದ. ಅಷ್ಟು ಹೊತ್ತಿಗೆ ಎರಡು ತಿಂಗಳಿಂದ ನಾನು ಮೂರನೇ ಕ್ಲಾಸಿನ ಪಾಠವನ್ನೇ ಮಾಡಿಕೊಂಡು ಹೋಗಿದ್ದೆ. ಆ ಎರಡು ತಿಂಗಳು ಇವತ್ತಿಗೂ ನನ್ನನ್ನು ಕಾಡುತ್ತದೆ.

ಹಿಂದಿನದು ಬಾರದೆ ಪಾಠ ಮುಂದೆ ಹೋಗುವುದೇ ದೊಡ್ಡ ಪೆಟ್ಟು. 2005ರಲ್ಲಿ ಪಾಕಿಸ್ತಾನದ ಉತ್ತರ ಭಾಗದಲ್ಲಿ ಭಾರಿ ಭೂಕಂಪವಾಯಿತು. ಶಾಲೆಗಳು ಸುಮಾರು 14 ವಾರ ಮುಚ್ಚಿದ್ದವು. ನಾಲ್ಕು ವರ್ಷದ ಮೇಲೆ ಸಂಶೋಧಕರು ನೋಡಿದಾಗ, ಭೂಕಂಪದ ಹತ್ತಿರವಿದ್ದ ಮಕ್ಕಳು ಒಂದೂವರೆಯಿಂದ ಎರಡು ವರ್ಷದಷ್ಟು ಹಿಂದೆ ಬಿದ್ದಿದ್ದರು. ಮೂರು ತಿಂಗಳ ನಷ್ಟ ಅಷ್ಟು ಬೆಳೆದದ್ದು ಹೇಗೆ? ತಪ್ಪಿಹೋದದ್ದನ್ನು ತುಂಬದೆ ಪಾಠ ಮುಂದೆ ಹೋದರೆ ಹಾಗಾಗುತ್ತದೆ, ಅಲ್ವಾ? ಆದರೆ ತಾಯಿ ಪ್ರೈಮರಿಯಾದರೂ ಮುಗಿಸಿದ್ದ ಮನೆಗಳ ಮಕ್ಕಳಲ್ಲಿ ಈ ಹಿನ್ನಡೆ ಕಾಣಲಿಲ್ಲ. ನೀವು ಇಷ್ಟು ಚೆನ್ನಾಗಿ ಪತ್ರ ಬರೆದಿದ್ದೀರಿ. ನಿಮ್ಮಿಂದ ಖಂಡಿತ ಆಗುತ್ತದೆ.

ಆರನೇ ಕ್ಲಾಸಿನ ಪುಸ್ತಕವನ್ನು ದಿನಕ್ಕೆ ಅರ್ಧ ಗಂಟೆ ಪಕ್ಕಕ್ಕಿಡಿ. ಅವಳು ಎಲ್ಲಿ ನಿಲ್ಲುತ್ತಾಳೆ ಅಂತ ನೋಡಿ: ಕಾಗುಣಿತದಲ್ಲೋ, ಒತ್ತಕ್ಷರದಲ್ಲೋ, ಉದ್ದ ವಾಕ್ಯದಲ್ಲೋ? ನಾನು ಕಂಡ ಮಕ್ಕಳು ಜಾಸ್ತಿ ನಿಂತದ್ದು ಒತ್ತಕ್ಷರದಲ್ಲಿ. ಅಲ್ಲಿಂದಲೇ ಶುರು ಮಾಡಿ. ನೀವು ಒಂದು ಸಾಲು ಜೋರಾಗಿ ಓದಿ, ಅವಳು ಒಂದು ಸಾಲು ಓದಲಿ. ಹನ್ನೊಂದು ವರ್ಷದ ಹುಡುಗಿಗೆ ನಾಚಿಕೆ ಇರುತ್ತದೆ. ಅಣ್ಣ ಅಕ್ಕನ ಮುಂದೆ ಓದಿಸಬೇಡಿ. ಮೂರು ತಿಂಗಳು ಬಿಡದೆ ಮಾಡಿಯೂ ಮುಂದೆ ಹೋಗದಿದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಗುರುತಿಸಿ ಓದಲು ಕಷ್ಟವಾಗುವ ತೊಂದರೆ, ಇದೆಯಾ ಅಂತ ತಿಳಿದವರಿಗೆ ತೋರಿಸಿ. ಅದೂ ಬುದ್ಧಿಯ ಕೊರತೆಯಲ್ಲ.

ಇನ್ನೊಂದು ವಿಷಯ. ಎರಡನೆಯವನ ಬಗ್ಗೆ ನೀವು ಏನೂ ಬರೆದಿಲ್ಲ! ಅವನಿಗೆ ಓದು ಬರುತ್ತದೆ, ಹಾಗಾಗಿ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಅವನಿಗೆ ತಪ್ಪಿರುವುದು ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆ ಕಲಿಯುವ ಕಾಲ. ಬೀಜಗಣಿತ ನಿಂತಿರುವುದೇ ಇವುಗಳ ಮೇಲೆ. ಹಲವು ದೇಶಗಳಲ್ಲಿ 15 ವರ್ಷದ ಮಕ್ಕಳಿಗೆ ನಡೆಯುವ ಪಿಸಾ ಪರೀಕ್ಷೆಯಲ್ಲಿ, 2018ಕ್ಕೆ ಹೋಲಿಸಿದರೆ 2022ರಲ್ಲಿ ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಕೂಟ) ದೇಶಗಳ ಸರಾಸರಿ ಓದಿನಲ್ಲಿ ಸುಮಾರು 10 ಅಂಕ ಇಳಿಯಿತು, ಗಣಿತದಲ್ಲಿ ಸುಮಾರು 15. ಅಷ್ಟನ್ನೂ ಶಾಲೆ ಮುಚ್ಚಿದ್ದರ ಮೇಲೆ ಹೊರಿಸುವುದು ಸರಿಯಲ್ಲ. ಆದರೂ ನಿಮ್ಮ ಮಗನಿಗೆ ಇವತ್ತೇ ಮೂರನೇ ಒಂದು ಭಾಗಕ್ಕೆ ಕಾಲು ಭಾಗ ಕೂಡಿಸಲು ಹೇಳಿ. ಹೇಗೆ ಮಾಡುತ್ತಾನೆ ಅಂತ ನೋಡಿ.

ಪ್ರಶ್ನೆ: 2021ರಲ್ಲಿ ಪರೀಕ್ಷೆಯಿಲ್ಲದೆ ಹನ್ನೆರಡನೇ ಕ್ಲಾಸು ಪಾಸಾದವಳು ನಾನು. ‘ಕೊರೊನಾ ಬ್ಯಾಚ್’ ಅಂತ ಆಡಿಕೊಳ್ಳುತ್ತಾರೆ. ಕೆಲಸ ಸಿಕ್ಕಿದೆ, ಆದರೆ ನಾಲ್ಕು ಜನರ ಮುಂದೆ ಮಾತಾಡಲು ಕೈ ನಡುಗುತ್ತದೆ.

ಉತ್ತರ: ಮಗಳೇ, ಪರೀಕ್ಷೆ ಬೇಡ ಅಂದದ್ದು ನೀನಲ್ಲ. ಬ್ರಿಟನ್‌ನಲ್ಲೂ 2020 ಮತ್ತು 2021ರಲ್ಲಿ ಶಾಲೆ ಮುಗಿಸುವವರ ದೊಡ್ಡ ಪರೀಕ್ಷೆಗಳು ರದ್ದಾಗಿದ್ದವು. ಹದಿನಾರು, ಹದಿನೇಳರಲ್ಲಿ ಪಾಠಕ್ಕಿಂತ ಜಾಸ್ತಿ ಕಲಿಯುವುದು ಜೊತೆಗಾರರಿಂದ. ಜಗಳ ಆಡುವುದು, ರಾಜಿಯಾಗುವುದು, ಸ್ಟೇಜ್ ಹತ್ತಿ ತಡವರಿಸುವುದು, ನಗುವವರ ಮುಂದೆ ಮತ್ತೆ ಹತ್ತುವುದು. ನಿನಗೆ ತಪ್ಪಿದ್ದು ಅದು, ಮತ್ತು ಅದನ್ನು ಈಗಲೂ ಕಲಿಯಬಹುದು. ಮುಂದಿನ ಮೀಟಿಂಗ್‌ನಲ್ಲಿ ಒಂದೇ ಒಂದು ಪ್ರಶ್ನೆ ಕೇಳು, ಮೊದಲೇ ಬರೆದುಕೊಂಡು ಹೋದರೂ ಸರಿ. ಭಯಕ್ಕೆ ನಿದ್ದೆ, ಊಟ ಬಿಡುವ ಹಾಗಾದರೆ ಮಾತ್ರ ತಡ ಮಾಡದೆ ಡಾಕ್ಟರನ್ನು ನೋಡು.

ಪ್ರಶ್ನೆ: ಕೊರೊನಾದಲ್ಲಿ ಶಾಲೆ ಮುಚ್ಚಿದಾಗ ಮೊಮ್ಮಗನಿಗೆ ಆರು ವರ್ಷ, ಮೊಮ್ಮಗಳಿಗೆ ಹನ್ನೊಂದು. ಫೋನು ಜಾಸ್ತಿ ನೋಡಿದ್ದು ಅವಳು, ಕನ್ನಡಕ ಬಂದದ್ದು ಅವನಿಗೆ. ಯಾಕೆ ಹೀಗೆ?

ಉತ್ತರ: ನೀವು ಗಮನಿಸಿದ್ದನ್ನೇ ಚೀನಾದಲ್ಲಿ ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳ ಕಣ್ಣು ಪರೀಕ್ಷೆ ಮಾಡಿದವರೂ ಕಂಡರು. 2020ರಲ್ಲಿ ಆರು ವರ್ಷದವರಲ್ಲಿ ಶೇ. 21.5ರಷ್ಟು ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ದೋಷವಿತ್ತು. ಹಿಂದಿನ ಐದು ವರ್ಷಗಳಲ್ಲಿ ಆ ಪ್ರಮಾಣ ಶೇ. 5.7 ದಾಟಿರಲಿಲ್ಲ. ಏಳು, ಎಂಟು ವರ್ಷದವರಲ್ಲೂ ಏರಿತ್ತು. ಒಂಬತ್ತು ದಾಟಿದವರಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಚಿಕ್ಕ ಮಕ್ಕಳ ಕಣ್ಣು ಇನ್ನೂ ಬೆಳೆಯುತ್ತಿರುತ್ತದೆ, ಅದಕ್ಕೆ ಹೊರಗಿನ ಬೆಳಕು ಬೇಕು. ಮನೆಯೊಳಗೇ ಇದ್ದದ್ದೂ ಪರದೆಯಷ್ಟೇ ಕೆಡುಕು ಮಾಡಿರಬಹುದು. ವರ್ಷಕ್ಕೊಮ್ಮೆ ಅವನ ಕನ್ನಡಕದ ನಂಬರ್ ನೋಡಿಸಿ. ಹಗಲು ಬೆಳಕಿರುವಾಗಲೇ ನೀವು ವಾಕಿಂಗ್ ಹೊರಟು ಅವನನ್ನೂ ಕರೆದುಕೊಂಡು ಹೋಗಿ.