ಎಸಿ ಹಾಕಿದರೆ ಶಟಲ್‌ಗೆ ಏನಾಗುತ್ತೆ?

ಪ್ರಶ್ನೆ: ಮಗಳ ಬ್ಯಾಡ್ಮಿಂಟನ್ ಪಂದ್ಯ ನೋಡಲು ಬೆಂಗಳೂರಿನ ಒಂದು ದೊಡ್ಡ ಒಳಾಂಗಣ ಕ್ರೀಡಾಂಗಣಕ್ಕೆ ಹೋಗಿದ್ದೆ. ಏಪ್ರಿಲ್ ಸೆಕೆ, ಅಂಗಿಯೆಲ್ಲ ಒದ್ದೆ. ಎಸಿ ಇದ್ದರೂ ಹಾಕಲಿಲ್ಲ. ಕೇಳಿದರೆ ‘ಶಟಲ್ ಸರಿಯುತ್ತೆ ಸಾರ್’ ಅಂದರು. ನಿಜವಾ, ಕರೆಂಟ್ ಬಿಲ್ ಉಳಿಸುವ ನೆಪವಾ?
– ಒಬ್ಬ ತಂದೆ, ವಿಜಯನಗರ

ಉತ್ತರ: ನಿಜ ಸಾರ್. ಬಿಲ್ಲೂ ಉಳಿದಿರಬಹುದು, ಅದು ಬೇರೆ ಮಾತು.

ಶಟಲ್ ಅಂದರೆ 16 ಪುಕ್ಕ, ಒಂದು ಬೆಂಡು. ತೂಕ 5 ಗ್ರಾಂ ಆಸುಪಾಸು. ಎಸಿ ಗಾಳಿ ನಿಮ್ಮ ಬೆವರು ಆರಿಸುವಷ್ಟೂ ಇರಲಿಕ್ಕಿಲ್ಲ, ಟಾಸನ್ನು, ಅಂದರೆ ಹಿಂದಿನ ಗೆರೆಯತ್ತ ಎತ್ತರಕ್ಕೆ ಹೊಡೆದ ಶಟಲನ್ನು, ಅರ್ಧ ಅಡಿ ತಳ್ಳಲು ಅಷ್ಟೇ ಸಾಕು.

ನಾನು ಬ್ಯಾಂಕಿನ ಕ್ಯಾಷ್ ಕೌಂಟರ್‌ನಲ್ಲಿದ್ದವಳು. ರಜೆ ಸಿಕ್ಕಾಗೆಲ್ಲ ಲೈನ್ ಜಡ್ಜ್ ಕುರ್ಚಿ, ಶಟಲ್ ಗೆರೆಯೊಳಗೋ ಆಚೆಯೋ ಹೇಳುವ ಕೆಲಸ. ಒಮ್ಮೆ ಎರಡನೇ ಗೇಮ್ ನಡುವೆ ಯಾರೋ ಗಣ್ಯರಿಗೆ ಸೆಕೆಯಾಯಿತು, ಎಸಿ ಹಾಕಿಸಿಬಿಟ್ಟರು. ಅಲ್ಲಿಯವರೆಗೆ ಹಿಂದಿನ ಗೆರೆ ಮೇಲೇ ಬೀಳುತ್ತಿದ್ದ ಟಾಸ್‌ಗಳು ಒಂದಾದ ಮೇಲೊಂದು ಆಚೆ. ನಾನು ‘ಔಟ್’, ‘ಔಟ್’ ಅಂತ ಕೈ ಚಾಚಿದ್ದೇ ಚಾಚಿದ್ದು. ಆ ಟಾಸ್ ಹೊಡೆಯುತ್ತಿದ್ದ ಹುಡುಗಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅಂಪೈರ್ ಹೇಳಿ ಎಸಿ ನಿಲ್ಲಿಸುವಷ್ಟರಲ್ಲಿ ಗೇಮ್ ಕೈತಪ್ಪಿತ್ತು.

ಗೇಮ್ ಮುಗಿದಾಗ ಆಟಗಾರರು ಬದಿ ಬದಲಿಸುತ್ತಾರಲ್ಲ, ಮೂರನೇ ಗೇಮ್‌ನಲ್ಲಿ 11 ಅಂಕಕ್ಕೆ ಮತ್ತೊಮ್ಮೆ? ಗಾಳಿಯ ಲಾಭ-ನಷ್ಟ ಇಬ್ಬರಿಗೂ ಹಂಚಿಹೋಗಲಿ ಅಂತಲೇ. ಬೆಂಗಳೂರಲ್ಲಿ ಇನ್ನೊಂದು ಮಜಾ ಇದೆ. ನಾವಿರುವುದು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ. ಗಾಳಿ ತೆಳು, ಶಟಲ್ ಜಾಸ್ತಿ ದೂರ ಓಡುತ್ತದೆ. ಚೆನ್ನೈನಲ್ಲಿ ಸರಿಹೋದ ಡಬ್ಬಿಯನ್ನೇ ಇಲ್ಲಿ ಬಿಚ್ಚಿದರೆ ಗೆರೆ ದಾಟುತ್ತದೆ. ಡಬ್ಬಿ ಮೇಲಿನ ವೇಗದ ಸಂಖ್ಯೆ ನೋಡಿ. ಸಂಖ್ಯೆ ಚಿಕ್ಕದಾದಷ್ಟೂ ಶಟಲ್ ನಿಧಾನ, ಹಾಗಾಗಿ ಚಿಕ್ಕ ಸಂಖ್ಯೆಯದನ್ನೇ ಮಗಳಿಗೆ ಕೊಡಿಸಿ.

ಅಂದ ಹಾಗೆ, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ. ಅದು ಮದುವೆಗೂ ಕೊಡುತ್ತಿದ್ದ ಹಾಲ್. ಮುಹೂರ್ತ ಇದ್ದ ದಿನ ಪ್ರಾಕ್ಟೀಸ್ ಇಲ್ಲ! ನಿಮಗೆ ಒಂದು ಮಧ್ಯಾಹ್ನದ ಸೆಕೆ, ತಡೆದುಕೊಳ್ಳಿ. ಒಂದು ಬೀಸಣಿಗೆ ಒಯ್ಯಿರಿ, ಆದರೆ ಕೋರ್ಟ್ ಪಕ್ಕ ಕೂತು ಬೀಸಬೇಡಿ.

ಪ್ರಶ್ನೆ: ಒಳಾಂಗಣ ಕ್ರೀಡಾಂಗಣದಲ್ಲಿ ಕಬಡ್ಡಿ ನೋಡಿದಾಗ ಮೈ ಜುಮ್ಮೆಂದಿತು. ಅಂಥದ್ದೇ ಕಡೆ ರಸಸಂಜೆಗೆ ಹೋದರೆ ಒಂದು ಪದವೂ ತಿಳಿಯಲಿಲ್ಲ. ನನ್ನ ಕಿವಿಯ ದೋಷವಾ?
– ಓದುಗರು, ಬಸವನಗುಡಿ

ಉತ್ತರ: ಕಿವಿಗೆ ಏನೂ ಆಗಿಲ್ಲಮ್ಮ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನಿಮ್ಮಿಂದ 35 ಮೀಟರ್ ಆಚೆಯ ಗೋಡೆಗೆ ಬಡಿದು ವಾಪಸ್ ಬರಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರಲ್ಲಿ ಗಾಯಕಿ ಮುಂದಿನ ಅಕ್ಷರಕ್ಕೆ ಹೋಗಿರುತ್ತಾರೆ. ಹಳೆಯದು, ಹೊಸದು ಎರಡೂ ಕಲಸಿ ಚಿತ್ರಾನ್ನ. ಕಾಂಕ್ರೀಟು, ತಗಡಿನ ಚಾವಣಿ, ಮರದ ನೆಲ ಯಾವುದೂ ಸದ್ದನ್ನು ನುಂಗುವುದಿಲ್ಲ. ಕಬಡ್ಡಿಗೆ ಅದೇ ಒಳ್ಳೆಯದು. ಕಂಠೀರವ ಒಳಾಂಗಣದಲ್ಲಿ ಬೆಂಗಳೂರು ಬುಲ್ಸ್ ರೈಡರ್ ನಡುಗೆರೆ ಮುಟ್ಟಿದಾಗ ಏಳುವ ಕೂಗು ಚಾವಣಿಗೆ ಬಡಿದು ಇಮ್ಮಡಿಯಾಗಿ ತಲೆ ಮೇಲೆ ಬೀಳುತ್ತದೆ. ಅಲ್ಲಿ ಪದ ಯಾರಿಗೆ ಬೇಕು, ಅಲ್ವಾ?

ಸದ್ದು ನುಂಗುವುದು ಜನರ ಮೈ, ಬಟ್ಟೆ. ಹಾಗಾಗಿ ಖಾಲಿ ಕುರ್ಚಿ ಜಾಸ್ತಿ ಇದ್ದರೆ ಇನ್ನೂ ಗೊಜ್ಜು. ಮುಂದಿನ ಸಲ ಮೇಲಿನ ಮೂಲೆ ಬಿಡಿ, ಸ್ಪೀಕರ್ ನೇರಕ್ಕೆ, ಕೆಳಗೆ ಕೂರಿ.

ಪ್ರಶ್ನೆ: ಕಂಠೀರವಕ್ಕೆ ಕಾರು ತಂದರೆ ಎಲ್ಲಿ ನಿಲ್ಲಿಸಲಿ?
– ಓದುಗರು, ಕೆಂಗೇರಿ

ಉತ್ತರ: ಮನೆಯಲ್ಲೇ. ಕೆಂಗೇರಿಯಲ್ಲಿ ನೇರಳೆ ಮೆಟ್ರೋ ಹತ್ತಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದು, ಕಸ್ತೂರಬಾ ರಸ್ತೆಯ ಮರಗಳ ಕೆಳಗೆ ನಡೆದು ಬನ್ನಿ.