ವಿಕ್ಟೋರಿಯಾ ರಾಜನ ಮಗಳಲ್ಲ ಅಲ್ವಾ, ಮತ್ತೆ ರಾಣಿಯಾದದ್ದು ಹೇಗೆ?
ಆಕೆಯ ಮೂವರು ದೊಡ್ಡಪ್ಪಂದಿರಿಗೂ ಪಟ್ಟದ ಹಕ್ಕಿರುವ ಮಕ್ಕಳು ಉಳಿಯಲಿಲ್ಲ, ಅದಕ್ಕೆ. ವಿಕ್ಟೋರಿಯಾಳ ತಂದೆ ಎಡ್ವರ್ಡ್, ಮೂರನೇ ಜಾರ್ಜ್ ದೊರೆಯ ನಾಲ್ಕನೇ ಮಗ. ಮೊದಲ ಮಗನ ಒಬ್ಬಳೇ ಮಗಳು ಷಾರ್ಲೆಟ್ 1817ರಲ್ಲಿ ಹೆರಿಗೆಯಾಗಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ, ಪಾಪ. ವಂಶವೇ ನಿಂತುಹೋಗುವ ಭಯ. ಐವತ್ತು ತುಂಬಿದ್ದ ಎಡ್ವರ್ಡ್ 1818ರಲ್ಲಿ ಅವಸರವಾಗಿ ಮದುವೆಯಾದ. ಮರುವರ್ಷ ವಿಕ್ಟೋರಿಯಾ ಹುಟ್ಟಿದಳು. ಮಗುವಿಗೆ ಎಂಟು ತಿಂಗಳಾಗುವಷ್ಟರಲ್ಲಿ ಅವನೂ ಹೋದ.

ಬ್ರಿಟನ್ನಿನಲ್ಲಿ ಅಣ್ಣನ ಮಗಳ ಹಕ್ಕು ತಮ್ಮನಿಗಿಂತ ಮೊದಲು. ಹಾಗಾಗಿ 1837ರಲ್ಲಿ ದೊಡ್ಡಪ್ಪ ನಾಲ್ಕನೇ ವಿಲಿಯಂ ತೀರಿಕೊಂಡಾಗ, ಚಿಕ್ಕಪ್ಪಂದಿರನ್ನು ದಾಟಿ 18ರ ಹುಡುಗಿಗೆ ಪಟ್ಟ ಬಂತು. ಜರ್ಮನಿಯ ಹ್ಯಾನೋವರ್‌ಗೂ ವಿಲಿಯಂನೇ ದೊರೆಯಾಗಿದ್ದ. ಅಲ್ಲಿ ಗಂಡು ವಾರಸುದಾರ ಇದ್ದರೆ ಹೆಣ್ಣಿಗೆ ಪಟ್ಟವಿಲ್ಲ. ಅದು ಚಿಕ್ಕಪ್ಪ ಅರ್ನೆಸ್ಟ್ ಪಾಲಾಯಿತು.