ಸ್ಟಿಕ್ ಹಿಡಿಬೋದು, ಚೆಕ್‌ಬುಕ್ ಬೇಡ್ವಾ?

ಪ್ರಶ್ನೆ: ಅಕ್ಕಾ, ನಾನು ವಿರಾಜಪೇಟೆ ಕಡೆಯವಳು, ಬಿಪಿಎಡ್ (ದೈಹಿಕ ಶಿಕ್ಷಣದ ಡಿಗ್ರಿ) ಆಗಿದೆ, ಕಾಲೇಜಲ್ಲಿ ಹಾಕಿ ಆಡ್ತಿದ್ದೆ. ನಮ್ಮೂರ ಸ್ಪೋರ್ಟ್ಸ್ ಕ್ಲಬ್ ಕಮಿಟಿಲಿ 13 ಜನ, ಹೆಂಗಸು ಅಂತ ನಾನೊಬ್ಳೇ, ಹೆಸರಿಗೆ ಜಾಯಿಂಟ್ ಸೆಕ್ರೆಟರಿ. ಟೂರ್ನಮೆಂಟ್ ಬಂದ್ರೆ ನಂಗೆ ಸಿಗೋದು ಊಟದ ಕೌಂಟರು, ಗೆಸ್ಟ್‌ಗಳಿಗೆ ಹೂಗುಚ್ಛ, ಪ್ರಾರ್ಥನೆ ಹಾಡೋ ಮಕ್ಕಳು. ಈ ಸಲ ಡ್ರಾ ಹಾಕೋದು, ಲೆಕ್ಕ ನೋಡೋದು ನಾನು ಮಾಡ್ತೀನಿ ಅಂದಿದ್ದಕ್ಕೆ ಒಬ್ರು "ಅದೆಲ್ಲ ತಲೆನೋವು, ನಿಂಗ್ಯಾಕಮ್ಮ" ಅಂತ ನಕ್ಕುಬಿಟ್ರು. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡ್ಕೊಂಡು ಬಂದ್ರೆ ಸರಿ ಹೋಗುತ್ತಾ?
(ಹೆಸರು ಬೇಡ, ದಕ್ಷಿಣ ಕೊಡಗು)

ಉತ್ತರ: ಕೋರ್ಸ್ ಮಾಡು ತಂಗಿ, ಬೇಡ ಅನ್ನಲ್ಲ, ಆದ್ರೆ ಉಳಿದ 12 ಗಂಡಸ್ರಲ್ಲಿ ಆ ಕೋರ್ಸ್ ಮಾಡಿದೋರು ಎಷ್ಟು ಜನ ಅಂತ ಮೊದ್ಲು ಕೇಳು.

ನಮ್ಮ ಕೊಡಗಿನ ಕಥೆ ವಿಚಿತ್ರ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ, ಮನೆತನಕ್ಕೊಂದು ಟೀಮ್ ಕಟ್ಕೊಂಡು ಆಡೋ ಕೌಟುಂಬಿಕ ಹಾಕಿಲಿ ಅಣ್ಣನ ಜೊತೆ ತಂಗಿ, ಗಂಡನ ಜೊತೆ ಹೆಂಡ್ತಿ ಒಂದೇ ಟೀಮಲ್ಲಿ ಆಡ್ತಾರೆ, ಅದಕ್ಕೆ ಯಾರೂ ಹುಬ್ಬೇರಿಸಲ್ಲ, ಅದೇ ಹುಡುಗಿ ಚೆಕ್‌ಗೆ ಸಹಿ ನಾನೂ ಹಾಕ್ತೀನಿ ಅಂದ್ಲೋ, ಕೆಮ್ಮು ಶುರು. ಅಲ್ಲ, ಎಷ್ಟೋ ಮನೇಲಿ ತೋಟದ ಚೆಕ್‌ರೋಲು (ಕೆಲಸದವರ ಹಾಜರಿ ಪುಸ್ತಕ), ವಾರದ ಬಟವಾಡೆ ಎಲ್ಲ ನೋಡ್ಕೊಳ್ಳೋದು ಯಾರು?

ಮೇಲೂ ಹಿಂಗೇ ಇತ್ತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹುಟ್ಟಿದ್ದು 1894ರಲ್ಲಿ, ಮೊದಲ ಮಹಿಳಾ ಸದಸ್ಯರು ಬಂದಿದ್ದು 1981ಕ್ಕೆ, ಮೊದಲ ಮಹಿಳಾ ಅಧ್ಯಕ್ಷೆ ಕರ್ಸ್ಟಿ ಕೊವೆಂಟ್ರಿ 2025ಕ್ಕೆ. ನಮ್ಮ ಭಾರತೀಯ ಒಲಿಂಪಿಕ್ ಸಂಸ್ಥೆಗೆ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಪಿ.ಟಿ. ಉಷಾ ಬಂದಿದ್ದು 2022ರ ಡಿಸೆಂಬರಲ್ಲಿ. ಪ್ಯಾರಿಸ್ ಒಲಿಂಪಿಕ್ಸಲ್ಲಿ ಆಡೋ ಸ್ಥಾನಗಳು ಗಂಡು ಹೆಣ್ಣು ಸಮ ಮಾಡಿದ್ರು, ಆದ್ರೆ ಅದರ ಹಿಂದಿನ ಟೋಕಿಯೋದಲ್ಲಿ ಕೋಚ್‌ಗಳಲ್ಲಿ ಹೆಂಗಸ್ರು ನೂರಕ್ಕೆ 13 ಅಷ್ಟೇ.

ಯಾಕೆ ಅಂದ್ರೆ, ನಂಗನ್ಸೋದು, ಕಮಿಟಿಗೆ ಹೊಸಬರನ್ನ ಕರೆಯೋರು ಹಳಬರೇ, ಅವರು ಕರೆಯೋದು ತಮ್ಮ ಜೊತೆ ಕೂರೋರನ್ನ, ಆ ಕೂರೋದು ರಾತ್ರಿ ಎಂಟರ ಮೇಲೆ ಯಾರದ್ದೋ ತೋಟದ ಮನೇಲಿ ಗ್ಲಾಸ್ ಮುಂದಿಟ್ಕೊಂಡು, ತೀರ್ಮಾನ ಅಲ್ಲೇ ಆಗೋಗಿರುತ್ತೆ, ಮೀಟಿಂಗಲ್ಲಿ ನಿನಗೆ ಮಿನಿಟ್ಸ್ ಬುಕ್ಕಿಗೆ ಸಹಿ ಹಾಕೋದಷ್ಟೇ ಬಾಕಿ. ನಾನೂ ಒಂದು ಕಮಿಟಿಲಿ ಎರಡು ವರ್ಷ ಹಂಗೇ ಸಹಿ ಹಾಕಿದೀನಿ, ಓದದೇನೇ, ನಾಚಿಕೆ ಆಗುತ್ತೆ ಈಗ.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪ್ರಕಾರ ರಾಷ್ಟ್ರ ಮಟ್ಟದ ಸಂಸ್ಥೆಗಳ ಕಾರ್ಯಕಾರಿ ಸಮಿತಿಲಿ ಹೆಚ್ಚಂದ್ರೆ 15 ಜನ, ಅದ್ರಲ್ಲಿ ಕನಿಷ್ಠ 4 ಹೆಂಗಸ್ರು ಇರ್ಲೇಬೇಕು. ನಿಮ್ಮೂರ ಕ್ಲಬ್ಬಿಗೆ ಅದು ನೇರವಾಗಿ ತಟ್ಟಲ್ಲ, ಆದ್ರೂ ಜನರಲ್ ಬಾಡಿಲಿ ಆ ಮಾತು ಎತ್ತು. ಒಬ್ಳೇ ಎದ್ದು ನಿಲ್ಬೇಡ, ಆಡಿದ ಹುಡುಗೀರು ಇನ್ನಿಬ್ರನ್ನ ಮೆಂಬರ್ ಮಾಡಿಸ್ಕೊಂಡು ಹೋಗು. ಬೈಲಾ ಕಾಪಿ ಕೇಳಿ ತಗೋ, ಜಾಯಿಂಟ್ ಸೆಕ್ರೆಟರಿ ಕೆಲ್ಸ ಏನು ಅಂತ ಅದ್ರಲ್ಲಿ ಬರೆದಿದ್ರೆ ಅದನ್ನೇ ಓದಿ ಹೇಳು. ದೊಡ್ಡ ಟೂರ್ನಮೆಂಟ್ ಕೊಡಲ್ಲ ಅಂದ್ರೆ ಶಾಲೆ ಮಕ್ಕಳದ್ದು ಒಂದು ಇಸ್ಕೋ, ಡ್ರಾ, ಅಂಪೈರು, ಸ್ಪಾನ್ಸರು, ಲೆಕ್ಕ ಎಲ್ಲ ನೀನೇ ಮಾಡಿ ಬಿಲ್ ಸಮೇತ ಮುಂದಿಡು.

ಊಟದ ಕೌಂಟರ್ ಈ ಸಲ ಆ ನಕ್ಕ ಮಹಾನುಭಾವ್ರಿಗೇ ಬಿಟ್ಬಿಡು. ನಾನೂರು ಜನಕ್ಕೆ ಪಂದಿ ಕರಿ, ಕಡಂಬುಟ್ಟು ಅಂದಾಜು ಹಾಕ್ಲಿ, ತಲೆನೋವು ಅಂದ್ರೆ ಏನು ಅಂತ ಗೊತ್ತಾಗುತ್ತೆ.